ಗಾಜಿನ ಮೈಯ ಹುಳುಗಳೂ ನನ್ನ ತಂಗಿಯ ಕೈಯೂ

ರೇಷ್ಮೆ ಹುಳುವಿನ ಜೀನು ತಿದ್ದುವ ಪ್ರಯೋಗಾಲಯಕ್ಕೆ ಸಹಾಯಕರಾಗಿ ಸೇರುವವರಿಗೆ ಮೊದಲ ದಿನ ಒಂದು ಬಿಳಿ ಕೋಟು, ಒಂದು ಜೊತೆ ರಬ್ಬರ್ ಚಪ್ಪಲಿ ಮತ್ತು ಒಂದು ಉದ್ದನೆಯ ಭಾಷಣ ಕೊಡುತ್ತಾರೆ. ಭಾಷಣದಲ್ಲಿ ವಿಜ್ಞಾನ ಬರುತ್ತದೆ, ದೇಶ ಬರುತ್ತದೆ, ರೈತನ ಬಾಳು ಬಂಗಾರವಾಗುತ್ತದೆ. ಹುಳು ಹಿಕ್ಕೆ ಹಾಕುತ್ತದೆ, ಅದನ್ನು ದಿನಕ್ಕೆರಡು ಸಲ ನೀವೇ ಬಳಿಯಬೇಕು ಎಂಬ ವಿಚಾರ ಎರಡನೆಯ ದಿನ ತಾನಾಗಿಯೇ ತಿಳಿಯುತ್ತದೆ. ಭಾಷಣ ಮಾಡಿದವರು ಆ ಹೊತ್ತಿಗೆ ಬೆಂಗಳೂರು ಸೇರಿರುತ್ತಾರೆ.

ನಾನು ಇಂಥ ಒಂದು ಸಂಸ್ಥೆಯಲ್ಲಿ, ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ, ವಯಸ್ಸಾಯಿತು ಮನೆಗೆ ಹೋಗು ಎನ್ನುವವರೆಗೆ ಕೆಲಸ ಮಾಡಿದೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ನನಗೆ ಬಂದ ಬಡ್ತಿಗಳ ಬಗ್ಗೆಯೂ ಬರೆಯುವುದಿಲ್ಲ. ಎರಡು ಸಲ ಬಡ್ತಿ ಬಂತು, ಎರಡು ಸಲವೂ ಕೈಯಲ್ಲಿದ್ದ ಪೊರಕೆ ಬದಲಾಗಲಿಲ್ಲ. ಆದರೆ ಒಂದು ವಿಷಯ ಬರೆಯಲೇಬೇಕು. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿಗೆ ನನ್ನ ತಂಗಿ ಭಾಗ್ಯ ಕೆಲಸ ಕಳೆದುಕೊಂಡಳು. ಕೆಲಸ ಹೋದದ್ದಕ್ಕಿಂತ ಹೆಚ್ಚಾಗಿ, ತನ್ನ ಕೈಯ ಮೇಲೆ ತಾನೇ ನಂಬಿಕೆ ಕಳೆದುಕೊಂಡಳು. ತಪ್ಪು ನನ್ನದೆಂದು ನಾನು ಬಾಯಿ ಬಿಡಲಿಲ್ಲ. ಅದನ್ನು ಬರೆಯಬೇಕೆಂದೇ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ನಮ್ಮೂರು ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣ. ಮನೆಯ ನಡುವಿನ ಅಂಕಣದಲ್ಲಿ ರೇಷ್ಮೆ ಹುಳು ಮಲಗುತ್ತಿದ್ದವು, ಮೂಲೆಯಲ್ಲಿ ನಾವು ಮಲಗುತ್ತಿದ್ದೆವು. ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರಗಳನ್ನು ಒಂಟಿಯಾಗಿ ಸಿಕ್ಕಿದರೆ ಗುರುತಿಸುತ್ತೇನೆ, ಗುಂಪಾಗಿ ಬಂದರೆ ಹೆದರುತ್ತೇನೆ. ಕೆಲಸದ ಸಂದರ್ಶನಕ್ಕೆ ಹೋದಾಗ ಮೂವರು ಡಾಕ್ಟರೇಟ್ ಪಡೆದವರು ಎದುರಿಗೆ ಕೂತಿದ್ದರು. ಒಬ್ಬರು ಒಂದು ತಟ್ಟೆ ಹುಳು ತೋರಿಸಿ, "ಇವು ಹೇಗಿವೆ?" ಎಂದರು. ಮೂಸಿ ನೋಡಿದೆ.

"ನಾಳಿದ್ದು ಸಾಯ್ತವೆ ಸಾರ್," ಎಂದೆ.

ಮೂವರೂ ನಕ್ಕರು. ನಾಳಿದ್ದು ಹುಳುಗಳು ಸತ್ತವು, ಆಚೆ ನಾಳಿದ್ದು ನನಗೆ ಕೆಲಸದ ಕಾಗದ ಬಂತು. ರೋಗದ ಹುಳುವನ್ನು ನೂರು ಹುಳುಗಳ ನಡುವಿನಿಂದ ಹೆಕ್ಕುವುದರಲ್ಲಿ ನನಗೆ ಸಮಾನರಿಲ್ಲ ಎಂಬ ಹೆಮ್ಮೆ ಅಂದಿನಿಂದ ನನ್ನ ತಲೆಯಲ್ಲಿ ಗೂಡು ಕಟ್ಟಿತು.

ಎರಡು ಸಾವಿರದ ಇಸವಿ ದಾಟಿದ ಆ ಮೊದಲ ವರ್ಷಗಳಲ್ಲಿ ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಹಿಪ್ಪುನೇರಳೆ ತೋಟಗಳಲ್ಲಿ ಸೈಟಿನ ಕಲ್ಲುಗಳು ಚಿಗುರುತ್ತಿದ್ದವು. ಊರಿನ ಹುಡುಗರು ಕಂಪನಿ ಬಸ್ಸು ಹತ್ತಿ ಹೋಗುತ್ತಿದ್ದರು. ಅವರ ಅಪ್ಪಂದಿರ ಹುಳು ಮನೆ ಖಾಲಿಯಾಗುತ್ತಿದ್ದ ಹೊತ್ತಿಗೇ ನಮ್ಮ ಸಂಸ್ಥೆಯವರು ಮುಂದಿನ ನೂರು ವರ್ಷಕ್ಕೆ ಬೇಕಾದ ಹುಳುವನ್ನು ತಯಾರು ಮಾಡಲು ಕೂತರು.

ಆಗಿನ ವಿಧಾನಕ್ಕೆ ನೆಗೆಯುವ ಜೀನು ಎನ್ನುತ್ತಿದ್ದರು. ಒಂದು ಜಾತಿಯ ಪತಂಗದಲ್ಲಿ ಸಿಕ್ಕ ತುಣುಕು ಅದು. ಎಲ್ಲಿಂದಲೋ ನೆಗೆದು ಇನ್ನೆಲ್ಲೋ ಕೂರುವ ಗುಣ ಅದಕ್ಕಿದೆ. ನಮಗೆ ಬೇಕಾದ ಹೊಸ ಜೀನನ್ನು ಅದರ ಬೆನ್ನಿಗೆ ಕಟ್ಟಿ ಹುಳುವಿನ ಮೊಟ್ಟೆಯೊಳಗೆ ಬಿಟ್ಟರೆ ಅದು ಹುಳುವಿನ ವಂಶದ ಬರಹದಲ್ಲಿ ಎಲ್ಲಾದರೂ ಹೋಗಿ ಸೇರುತ್ತದೆ. ಎಲ್ಲಿ ಎಂದು ಮಾತ್ರ ಕೇಳಬಾರದು. ಬೆಂಗಳೂರಿನಲ್ಲಿ ಬಸ್ಸು ಹತ್ತಿಸಿದ ನೆಂಟ ಬಿಡದಿಯಲ್ಲಿ ಇಳಿದನೋ, ನಿದ್ದೆ ಹೋಗಿ ಮದ್ದೂರಿನಲ್ಲಿ ಇಳಿದನೋ, ಅಥವಾ ಯಾರದೋ ಮನೆಯ ಒಲೆಯ ಮೇಲೇ ಹೋಗಿ ಕೂತನೋ, ಆಮೇಲೆ ಹುಡುಕಿಕೊಳ್ಳಬೇಕು. ಸರಿಯಾಗಿ ನಡೆಯುತ್ತಿದ್ದ ಇನ್ನೊಂದು ಜೀನಿನ ನಡುವೆ ಹೋಗಿ ಕೂತರೆ ಆ ಜೀನೂ ಕೆಟ್ಟಿತು.

ಹೊಸ ಜೀನು ಸೇರಿತೋ ಇಲ್ಲವೋ ತಿಳಿಯಲು ಅದರ ಜೊತೆ ಹೊಳೆಯುವ ಗುರುತೊಂದನ್ನೂ ಕಟ್ಟುತ್ತಿದ್ದರು. ಸೇರಿದ್ದರೆ ವಿಶೇಷ ದೀಪದ ಕೆಳಗೆ ಹುಳುವಿನ ಕಣ್ಣು ಕೆಂಪಗೆ ಮಿನುಗುತ್ತಿತ್ತು. ಅದನ್ನು ನೋಡಲು ಬಂದ ರೇಷ್ಮೆ ಬೆಳೆಗಾರರೊಬ್ಬರು ಬಹಳ ಹೊತ್ತು ಯೋಚಿಸಿ ಕೇಳಿದರು.

"ಕರೆಂಟ್ ಹೋದಾಗ ಸೀರೆ ಹೊಳೀತದಾ ಸಾರ್?"

"ಇಲ್ಲ, ಹುಳುವಿನ ಕಣ್ಣು ಮಾತ್ರ," ಎಂದರು ತೋರಿಸುತ್ತಿದ್ದ ವಿಜ್ಞಾನಿ.

"ಹುಳಕ್ಕೆ ಟಾರ್ಚ್ ಯಾಕ್ ಸಾರ್, ನಮ್ಗ್ ಬೇಕಾಗಿತ್ತು."

ಸಂಸ್ಥೆಯ ಮುಖ್ಯಸ್ಥರನ್ನು ನಾವೆಲ್ಲ ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಅವರ ಬಗ್ಗೆ ಒಂದು ಪ್ರಸಂಗ ಹೇಳಿದರೆ ಸಾಕು. ಹೊಸ ಕಟ್ಟಡದಲ್ಲಿ ಅವರ ಕೋಣೆಗೂ ಕೆಳಗಿನ ಹುಳು ಮನೆಗೂ ಒಂದೇ ಕೊಳವೆಯಲ್ಲಿ ತಣ್ಣನೆಯ ಗಾಳಿ ಬರುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಹುಳುಗಳೆಲ್ಲ ತಲೆ ಎತ್ತಿ ಹಸಿರು ಕಕ್ಕುತ್ತಾ ಒದ್ದಾಡುತ್ತಿವೆ. ಸೊಳ್ಳೆಗೆ ಹಾಕುವ ಔಷಧಿ ಸೋಕಿದರೆ ರೇಷ್ಮೆ ಹುಳು ಹೀಗೆ ಸಾಯುತ್ತದೆಂದು ನಮ್ಮ ಕಡೆ ಹುಳು ಸಾಕುವ ಮನೆಯ ಮಗುವಿಗೂ ಗೊತ್ತು. ಓಡಿ ಮೇಲೆ ಹೋದೆ. ಸಾಹೇಬರ ಮೇಜಿನ ಪಕ್ಕದ ಪ್ಲಗ್ಗಿನಲ್ಲಿ ಸೊಳ್ಳೆ ಓಡಿಸುವ ಯಂತ್ರ ಕೆಂಪು ದೀಪ ಹಚ್ಚಿಕೊಂಡು ಕೂತಿತ್ತು.

"ಸಾರ್, ಇದ್ರಿಂದ ಹುಳ ಸಾಯ್ತಾವೆ," ಎಂದೆ.

"ಕೆಂಪಣ್ಣ, ನೀವು ಎಷ್ಟು ಓದಿದ್ದೀರಿ?"

"ಏಳ್ನೇ ಕ್ಲಾಸು ಸಾರ್."

"ಒಳ್ಳೇದು. ಹೋಗಿ ಬನ್ನಿ."

ವಿಚಾರಣಾ ಸಮಿತಿ ಕೂತಿತು, ಕಾಫಿ ಕುಡಿಯಿತು, ಸೊಪ್ಪಿನಲ್ಲಿ ತೇವ ಸಾಲದೆ ಹುಳು ಸತ್ತಿವೆ ಎಂದು ಬರೆಯಿತು. ಸೊಪ್ಪು ಕೊಯ್ಯುವ ಹೆಂಗಸಿಗೆ ನೋಟೀಸು ಹೋಯಿತು. ಯಂತ್ರ ಮಾರನೆಯ ದಿನ ಪ್ಲಗ್ಗಿನಿಂದ ತಾನಾಗಿಯೇ ಮಾಯವಾಯಿತು. ತಪ್ಪು ಮೇಲಿನ ಮಹಡಿಯಲ್ಲಿ ನಡೆದು ನೋಟೀಸು ಕೆಳಗಿನ ಮಹಡಿಗೆ ಬಂದದ್ದನ್ನು ಕಂಡು ನಾನು ಒಂದು ವಾರ ಎಲ್ಲರೆದುರು ನ್ಯಾಯ ಮಾತಾಡಿಕೊಂಡು ತಿರುಗಿದೆ. ನ್ಯಾಯ ಮಾತಾಡುವುದು ನನಗೆ ಆಗ ಬಹಳ ಸುಲಭವಾಗಿತ್ತು.

ಕಾರ್ಖಾನೆಗಳು ಹೆಚ್ಚು ಸಂಬಳ ಕೊಡತೊಡಗಿದ ಮೇಲೆ ನಮಗೆ ಸಹಾಯಕರು ಸಿಗದಂತಾಯಿತು. ಗುತ್ತಿಗೆಯ ಮೇಲೆ ಹೆಂಗಸರನ್ನು ತೆಗೆದುಕೊಳ್ಳಲು ಅಪ್ಪಣೆಯಾಯಿತು. ಹಾಗೆ ಭಾಗ್ಯ ಬಂದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಪಿಯುಸಿ ಓದಿದ್ದಳು. ಮದುವೆಯಾಗಿ ಚನ್ನಪಟ್ಟಣದಲ್ಲಿದ್ದಳು. ಮರದ ಬೊಂಬೆ ಮಾಡುವ ಕಡೆ ಬೊಂಬೆಗಳಿಗೆ ಕಣ್ಣು ಬರೆಯುವುದು ಅವಳ ಕೆಲಸವಾಗಿತ್ತು. ಅವಳನ್ನು ಕರೆತಂದವನು ನಾನೇ. ಆ ಪುಣ್ಯವೂ ನನ್ನ ಲೆಕ್ಕಕ್ಕೇ ಇರಲಿ.

ಪ್ರಯೋಗ ನಡೆಸುತ್ತಿದ್ದವರು ವಸುಧಾ ಮೇಡಂ ಎಂಬ ವಿಜ್ಞಾನಿ. ಮೊಟ್ಟೆಗೆ ಚುಚ್ಚುವ ಕೆಲಸ ಹೀಗೆ: ಚಿಟ್ಟೆ ಮೊಟ್ಟೆ ಇಟ್ಟ ಕೆಲವೇ ಗಂಟೆಯೊಳಗೆ ಅವನ್ನು ಗಾಜಿನ ಪಟ್ಟಿಯ ಮೇಲೆ ಒಂದೇ ದಿಕ್ಕಿಗೆ ಮುಖಮಾಡಿ ಅಂಟಿಸಬೇಕು. ರೇಷ್ಮೆ ಮೊಟ್ಟೆಯ ಸಿಪ್ಪೆ ಬಲು ಗಟ್ಟಿ. ಸೂಕ್ಷ್ಮದರ್ಶಕದ ಕೆಳಗೆ ಮೊದಲು ಲೋಹದ ಸೂಜಿಯಿಂದ ತೂತು, ಆಮೇಲೆ ಅದೇ ತೂತಿನಲ್ಲಿ ಕೂದಲಿಗಿಂತ ತೆಳ್ಳಗಿನ ಗಾಜಿನ ಸೂಜಿ ಇಳಿಸಿ ಕಣ್ಣಿಗೆ ಕಾಣದಷ್ಟು ದ್ರವ ಬಿಡಬೇಕು, ತಕ್ಷಣ ಅಂಟು ಹಚ್ಚಿ ಮುಚ್ಚಬೇಕು. ಆಳಕ್ಕೆ ಹೋದರೆ ಮೊಟ್ಟೆ ಸಾಯುತ್ತದೆ, ಮೇಲೇ ನಿಂತರೆ ದ್ರವ ಹೊರಗೆ ಹರಿಯುತ್ತದೆ. ದೊಡ್ಡ ದೊಡ್ಡ ಪದವಿ ಪಡೆದವರು ಇದನ್ನು ಮಾಡಲು ಹೋಗಿ ಮೊಟ್ಟೆಗಳನ್ನು ಆಮ್ಲೆಟ್ ಮಾಡಿದ್ದರು. ಭಾಗ್ಯ ಮೂರನೆಯ ದಿನಕ್ಕೆ ಕಲಿತಳು.

"ಕೈ ನಡುಗೋದೇ ಇಲ್ವಲ್ಲ ಭಾಗ್ಯ?" ಎಂದು ಮೇಡಂ ಕೇಳಿದರು.

"ನಡುಗುದ್ರೆ ಬೊಂಬೆಗೆ ಮೆಳ್ಳೆಗಣ್ಣು ಬತ್ತದೆ ಮೇಡಂ. ಮೆಳ್ಳೆಗಣ್ಣಿನ ಬೊಂಬೆನ ಯಾರ್ ತಗೋತಾರೆ?"

ಮೇಡಂ ನಗುತ್ತಾ ನನ್ನ ಕಡೆ ತಿರುಗಿ, "ಕೆಂಪಣ್ಣ, ಇಂಥ ಕೈಯನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದರು. ನಾನೂ ನಕ್ಕೆ. ಒಳಗೆ ಉರಿಯಿತು. ನಾನು ವರ್ಷಗಟ್ಟಲೆ ಹಿಕ್ಕೆ ಬಳಿದ ಕೋಣೆಗೆ ಬಂದ ತಂಗಿ ಮೂರೇ ದಿನಕ್ಕೆ ಸ್ಟೂಲು ಹತ್ತಿ ಮೇಡಂ ಪಕ್ಕ ಕೂತಳಲ್ಲ ಎಂದು. ಹೊಟ್ಟೆಕಿಚ್ಚು ಎಂಬ ಪದ ಬರೆಯುವುದು ಕಷ್ಟ. ಬರೆದಿದ್ದೇನೆ.

ಆ ಹೊತ್ತಿಗೆ ವಿಧಾನ ಬದಲಾಗಿತ್ತು. ಈಗ ಜೀನನ್ನು ಎಲ್ಲೋ ಎಸೆಯುವುದಲ್ಲ, ಬೇಕಾದ ಜಾಗದಲ್ಲೇ ಕತ್ತರಿಸುವುದು. ಮೇಡಂ ನಮ್ಮನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟು. ವಂಶದ ಬರಹ ನಾಲ್ಕೇ ಅಕ್ಷರಗಳಲ್ಲಿದೆ, ಆದರೆ ಬಲು ಉದ್ದ. ಸತುವಿನ ಬೆರಳು ಎಂಬ ಹೆಸರಿನ ಪ್ರೋಟೀನು ಒಂದೊಂದು ಬೆರಳಿಗೆ ಮೂರು ಅಕ್ಷರ ತಡವಿ ಗುರುತಿಸುತ್ತದೆ. ಇಂಥ ಬೆರಳುಗಳ ಸಾಲು ಎರಡು ಕಡೆಯಿಂದ ಬಂದು ಹಿಡಿದುಕೊಂಡರೆ, ನಡುವೆ ಕಟ್ಟಿದ ಕತ್ತರಿ ಅಲ್ಲೇ ಕತ್ತರಿಸುತ್ತದೆ. ತುಂಡಾದ ಬರಹವನ್ನು ಜೀವಕೋಶ ಗಾಬರಿಯಲ್ಲಿ ಅಂಟಿಸುತ್ತದೆ. ಅಂಟಿಸುವಾಗ ಒಂದೆರಡು ಅಕ್ಷರ ಉದುರುತ್ತವೆ, ಇಲ್ಲ ಸೇರುತ್ತವೆ. ಅಲ್ಲಿಗೆ ಆ ಜೀನು ಓದಲು ಬಾರದಂತಾಗುತ್ತದೆ. ಕತ್ತರಿಯ ಜೊತೆಗೆ ನಾವೇ ಬರೆದ ಮಾದರಿಯ ತುಣುಕನ್ನು ಕೊಟ್ಟರೆ ಕೆಲವೊಮ್ಮೆ ಕೋಶ ಅದನ್ನು ನೋಡಿ ನಕಲು ಮಾಡಿಕೊಳ್ಳುತ್ತದೆ. ಕೆಡಿಸುವುದು ಸುಲಭ, ತಿದ್ದಿ ಬರೆಯಿಸುವುದು ಕಷ್ಟ.

ಒಂದೊಂದು ಜಾಗಕ್ಕೂ ಬೇರೆ ಬೇರೆ ಬೆರಳು ಕಟ್ಟಿಸಬೇಕಿತ್ತು. ಅವು ಹೊರದೇಶದಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮಹಾರಾಜರಂತೆ ಬರುತ್ತಿದ್ದವು. ಒಂದು ಹನಿ ಚೆಲ್ಲಿದರೂ ಮೀಟಿಂಗು.

ಮೊದಲ ಪರೀಕ್ಷೆಗೆ ಮೇಡಂ ಆರಿಸಿಕೊಂಡದ್ದು ಹುಳುವಿನ ಚರ್ಮಕ್ಕೆ ಬಿಳುಪು ಕೊಡುವ ಜೀನು. ಅದನ್ನು ಕೆಡಿಸಿದರೆ ಹುಳುವಿನ ಮೈ ಗಾಜಿನಂತಾಗಿ ಒಳಗಿನ ಸೊಪ್ಪು ಕೂಡ ಕಾಣುತ್ತದೆ. ಅದರಿಂದ ಯಾರಿಗೂ ಲಾಭವಿಲ್ಲ, ಕತ್ತರಿ ಕೆಲಸ ಮಾಡಿತೇ ಎಂದು ಬರಿಗಣ್ಣಿಗೆ ತಿಳಿಯಲಿ ಎಂದಷ್ಟೇ. ಚುಚ್ಚಿದ ಮೊಟ್ಟೆಯಿಂದ ಬಂದ ಚಿಟ್ಟೆಗಳನ್ನು ಕೂಡಿಸಿ, ಎರಡನೆಯ ತಲೆಮಾರಿನಲ್ಲಿ ಇಂಥ ಹುಳು ಕೆಲವು ಕಂಡರೆ ಗೆದ್ದಂತೆ. ಇದನ್ನೆಲ್ಲ ಮೇಡಂ ವಿವರಿಸುವಾಗ ನಾನು ಸೊಪ್ಪು ಕತ್ತರಿಸುತ್ತಾ ಚೆನ್ನಾಗಿ ತಲೆಯಾಡಿಸಿದೆ. ತಲೆಯಾಡಿಸಿದ್ದು ಮಾತ್ರ ನಿಜ. ಇಲ್ಲಿ ಬರೆದಿರುವುದೆಲ್ಲ ನಾನು ಆಮೇಲೆ ಕಲಿತದ್ದು, ತಡವಾಗಿ.

ಎರಡನೆಯ ತಲೆಮಾರಿನ ಹುಳುಗಳು ಮೊಟ್ಟೆಯೊಡೆದು ಒಂದು ವಾರವಾಗಿತ್ತು. ಮೇಡಂ ತರಬೇತಿಗೆಂದು ಹೊರಟರು. ಹೋಗುವ ಮುನ್ನ ಗೋಡೆಗೆ ಸೂಚನೆಗಳ ಹಾಳೆ ಅಂಟಿಸಿದರು, ಇಂಗ್ಲಿಷಿನಲ್ಲಿ. ಅವರು ಹೋದ ಎರಡೇ ದಿನಕ್ಕೆ ಭಾಗ್ಯಳ ಮಗಳಿಗೆ ಸೀತಾಳೆ ಸಿಡುಬು ಎದ್ದಿತು. ಅಮ್ಮ ಬಂದ ಮನೆಯಿಂದ ಹೊರಗೆ ಬರಬಾರದೆಂದು ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ರಜೆ ಹೇಳಲು ಬಂದವಳು ಹುಳು ಮನೆಯ ಹೊಸ್ತಿಲ ಆಚೆಯೇ ನಿಂತು ಕೇಳಿದಳು.

"ಅಣ್ಣಯ್ಯ, ಆ ಹಾಳೆಲಿರೋದ್ನ ಒಸಿ ಕನ್ನಡದಲ್ಲಿ ಬರ್ಕೊಡ್ಲಾ?"

"ಯಾಕಮ್ಮಿ? ನೀನು ಹುಟ್ಟೋಕ್ ಮುಂಚಿಂದ ಹುಳ ಸಾಕ್ತಿವ್ನಿ. ನಂಗೇ ಹೇಳ್ಕೊಡೋಕ್ ಬಂದ್ಬುಟ್ಲು."

"ಹಂಗಲ್ಲ ಕಣಣ್ಣಯ್ಯ. ಇದು ಮನೆ ಹುಳ ಅಲ್ಲ. ಯಾವ್ದುನ್ನೂ ತೆಗೀಬ್ಯಾಡ..."

"ಆಯ್ತು ಕಣೆ, ಹೋಗು. ಮಗೀನ ನೋಡ್ಕೋ ಹೋಗು."

ಅವಳ ಮಾತು ಮುಗಿಯುವುದಕ್ಕೆ ಬಿಡಲಿಲ್ಲ. ಅರ್ಧ ಮಾತಿನಲ್ಲೇ ಹೋದಳು.

ರೇಷ್ಮೆ ಹುಳು ಪೊರೆ ಬಿಡುವ ನಿದ್ದೆಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುಗಳು ಮೂರನೇ ಜ್ವರದಿಂದ ಎದ್ದ ದಿನ ಸೊಪ್ಪು ಹಾಕಲು ಹೋದೆ. ಒಂದು ತಟ್ಟೆಯಲ್ಲಿ ಕೆಲವು ಹುಳು ಹೊಳೆಯುತ್ತಿದ್ದವು. ಚರ್ಮ ತೆಳ್ಳಗೆ, ಎಣ್ಣೆ ಸವರಿದಂತೆ, ಒಳಗಿನ ಹಸಿರು ಗೆರೆ ಕಾಣುತ್ತಿತ್ತು. ರಾಮನಗರ ಸೀಮೆಯಲ್ಲಿ ಹುಳು ಸಾಕಿದ ಯಾರನ್ನೇ ಕೇಳಿ, ಹೊಳೆಯುವ ಹುಳು ಎಂದರೆ ರೋಗದ ಹುಳು. ಒಂದನ್ನು ಬಿಟ್ಟರೆ ನಾಲ್ಕು ದಿನಕ್ಕೆ ಮನೆಯೇ ಖಾಲಿ. ಅನುಮಾನ ಬಂದದ್ದನ್ನು ಕಡ್ಡಿಯಲ್ಲಿ ಹೆಕ್ಕಿ ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಹಾಕಬೇಕು. ನಮ್ಮಪ್ಪ ಕಲಿಸಿದ್ದು ಅದು, ನಮ್ಮಜ್ಜಿ ಅವರಿಗೆ ಕಲಿಸಿದ್ದು ಅದು. ಕಡ್ಡಿ ತೆಗೆದುಕೊಂಡೆ. ಒಂದೊಂದಾಗಿ ಎತ್ತಿದೆ, ಒಂದೊಂದಾಗಿ ಹಾಕಿದೆ. ಎಲ್ಲವನ್ನೂ ಎತ್ತಿದ ಮೇಲೆ ತಟ್ಟೆಯನ್ನು ಇನ್ನೊಮ್ಮೆ ನೋಡಿ ನನ್ನ ಕಣ್ಣನ್ನು ನಾನೇ ಮೆಚ್ಚಿಕೊಂಡೆ. ಸಂಸ್ಥೆಯನ್ನು ರೋಗದಿಂದ ಕಾಪಾಡಿದೆನೆಂಬ ತೃಪ್ತಿಯಲ್ಲಿ ಎರಡು ತಟ್ಟೆ ಇಡ್ಲಿ ಹೆಚ್ಚಿಗೆ ತಿಂದೆ.

ಮೇಡಂ ವಾಪಸು ಬಂದವರು ಚಪ್ಪಲಿ ಕೂಡ ಬದಲಾಯಿಸದೆ ಒಳಗೆ ಓಡಿದರು. ಒಂದೊಂದೇ ತಟ್ಟೆಯನ್ನು ದೀಪದ ಕೆಳಗೆ ತಿರುಗಿಸಿ ನೋಡಿದರು. ಕೊನೆಗೆ ನನ್ನನ್ನು ಕೇಳಿದರು.

"ಕೆಂಪಣ್ಣ, ಗಾಜಿನ ಥರ ಮೈ ಇರೋ ಹುಳು ಒಂದಾದ್ರೂ ಕಾಣಿಸ್ತಾ?"

ಅರ್ಥವಾಗಲು ನನಗೆ ಒಂದು ಉಸಿರು ಸಾಕಾಯಿತು. "ಇಲ್ಲ ಮೇಡಂ," ಎಂದೆ. ಅದು ಮೊದಲನೆಯ ಸುಳ್ಳು. ಎರಡನೆಯದು ಮೂರು ದಿನದ ನಂತರ, ದೊಡ್ಡ ಸಾಹೇಬರ ಕೋಣೆಯಲ್ಲಿ. ಅಷ್ಟರಲ್ಲಿ ಉಳಿದ ಹುಳುಗಳಲ್ಲಿ ಕೆಲವನ್ನು ಪರೀಕ್ಷೆ ಮಾಡಿಸಿದ್ದರು, ಯಾವುದರಲ್ಲೂ ಬದಲಾವಣೆ ಸಿಗಲಿಲ್ಲ. ಎಲ್ಲವನ್ನೂ ಪರೀಕ್ಷಿಸಲು ಸಾಹೇಬರು ಒಪ್ಪಲಿಲ್ಲ. ಕೋಣೆಯಲ್ಲಿದ್ದವರು ಸಾಹೇಬರು, ಮೇಡಂ, ರಜೆ ಮುಗಿಸಿ ಬಂದ ಭಾಗ್ಯ, ಬಾಗಿಲ ಬಳಿ ನಾನು.

"ಕತ್ತರಿ ಸರಿ ಇದೆ. ಅದನ್ನು ಮಾಡಿದವರು ದೊಡ್ಡವರು," ಎಂದರು ಸಾಹೇಬರು. "ಮೊಟ್ಟೆಯ ಒಳಗೆ ಹೋಗಿಲ್ಲ ಅಷ್ಟೆ. ಚುಚ್ಚಿದ್ದು ಯಾರು?"

"ನಾನು ಸಾರ್," ಎಂದಳು ಭಾಗ್ಯ.

"ಒಂದೇ ಸಲಕ್ಕೆ ಹಾಗೆ ಹೇಳೋಕಾಗಲ್ಲ ಸರ್," ಎಂದರು ಮೇಡಂ. "ಇನ್ನೊಂದು ಸಲ ಮಾಡೋಣ."

ಸಾಹೇಬರು ನನ್ನ ಕಡೆ ನೋಡಿದರು. "ಏನ್ ಕೆಂಪಣ್ಣ, ನೀವು ಅನುಭವಸ್ಥರು. ಹುಳುವಿಗೆ ರೋಗ ಗೀಗ ಬಂದಿತ್ತಾ? ಏನಾದರೂ ತೆಗೆದು ಹಾಕಿದ್ರಾ?"

ನನ್ನನ್ನು ಕಾಯಂ ಮಾಡುವ ಕಾಗದ ಆ ತಿಂಗಳು ಅದೇ ಮೇಜಿನ ಮೇಲಿತ್ತು. ಅದು ನೆವವಲ್ಲ, ಮೇಜಿನ ಮೇಲೆ ಏನಿತ್ತೆಂದು ಹೇಳುತ್ತಿದ್ದೇನೆ.

"ಇಲ್ಲ ಸಾರ್. ಎಲ್ಲಾ ಚೆನ್ನಾಗಿದ್ವು. ನಾನು ಒಂದುನ್ನೂ ಮುಟ್ನಿಲ್ಲ."

ಏಳನೇ ಕ್ಲಾಸಿನವನ ಮಾತನ್ನು ಅಂದು ಮಾತ್ರ ಅವರು ಪೂರ್ತಿ ನಂಬಿದರು. ಭಾಗ್ಯ ನನ್ನನ್ನು ನೋಡಲಿಲ್ಲ. ತನ್ನ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಬೆರಳುಗಳನ್ನು ನೋಡುತ್ತಿದ್ದಳು. ಆ ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿಯಿತು, ಮುಂದುವರಿಯಲಿಲ್ಲ.

ಕೊನೆಯ ದಿನ ಬಸ್ ಸ್ಟಾಂಡಿನವರೆಗೆ ಜೊತೆಗೆ ಹೋದೆ.

"ಅಣ್ಣಯ್ಯ, ನನ್ ಕೈ ನಡುಗ್ತಿತ್ತೇನೋ," ಎಂದಳು. "ನಂಗೇ ಗೊತ್ತಾಗ್ನಿಲ್ಲ ನೋಡು."

ನಾನು ಅವಳಿಗೆ ಕಡಲೆಕಾಯಿ ಕೊಡಿಸಿದೆ. ನನ್ನ ಮನಸ್ಸು ಅಷ್ಟು ದೊಡ್ಡದು.

ಅವಳು ಬಿಡದಿಗೆ ಮನೆ ಬದಲಾಯಿಸಿ ಅಲ್ಲೇ ಕಾರಿನೊಳಗಿನ ವೈರು ಕಟ್ಟುವ ಕಾರ್ಖಾನೆ ಸೇರಿದಳು. ಒಂದೆರಡು ವರ್ಷ ಕಳೆದ ಮೇಲೆ ಅಲ್ಲಿ ಭೂತಗನ್ನಡಿಯ ಕೆಳಗೆ ಜೋಡಣೆ ಪರೀಕ್ಷಿಸುವ ಕೆಲಸ ಕೊಡಲು ಬಂದರಂತೆ. ಕೂತು ಮಾಡುವ ಕೆಲಸ, ಗೌರವದ ಕೆಲಸ. "ಬ್ಯಾಡ ಸಾರ್, ನನ್ ಕೈ ನಂಬೋ ಹಂಗಿಲ್ಲ" ಎಂದು ಹೇಳಿ ನಿಂತು ಮಾಡುವ ಕೆಲಸಕ್ಕೇ ಉಳಿದುಕೊಂಡಳು. ಬೊಂಬೆಯ ಕುಂಚವನ್ನಂತೂ ಮತ್ತೆ ಮುಟ್ಟಲೇ ಇಲ್ಲ. ಇದನ್ನು ಹಬ್ಬದ ಊಟಕ್ಕೆ ಕೂತಾಗ ಅವಳ ಗಂಡ ಹೇಳಿದ. ನಾನು ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ.

ಇತ್ತ ವಿಧಾನಗಳು ಬದಲಾಗುತ್ತಲೇ ಇದ್ದವು. ಸತುವಿನ ಬೆರಳಿನ ನಂತರ ಟ್ಯಾಲೆನ್ ಬಂತು. ಅದರಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಮಣಿ, ಬೇಕಾದ ಜಾಗಕ್ಕೆ ಸರಿಯಾಗಿ ಮಣಿ ಪೋಣಿಸಿಕೊಳ್ಳಬಹುದು. ಸುಲಭ, ಆದರೆ ಪೋಣಿಸುವವರ ಕತ್ತು ನೋವು. ಅದಾದ ಮೇಲೆ ಕ್ರಿಸ್ಪರ್. ಬ್ಯಾಕ್ಟೀರಿಯಾಗಳು ತಮ್ಮ ಮೇಲೆ ಬೀಳುವ ವೈರಸ್ಸನ್ನು ಕತ್ತರಿಸಲು ಇಟ್ಟುಕೊಂಡಿದ್ದ ಕತ್ತರಿ ಅದು. ಮನುಷ್ಯರು ಕಂಡುಕೊಂಡು ತಮ್ಮದೆನ್ನುತ್ತಿದ್ದಾರೆ. ಇದರಲ್ಲಿ ಕತ್ತರಿ ಎಲ್ಲ ಕೆಲಸಕ್ಕೂ ಒಂದೇ. ಎಲ್ಲಿ ಕತ್ತರಿಸಬೇಕೆಂಬ ವಿಳಾಸ ಮಾತ್ರ ಬೇರೆ ಚೀಟಿಯಲ್ಲಿ. ಆ ಚೀಟಿ ಆರ್‌ಎನ್‌ಎ ಎಂಬ ಸಣ್ಣ ಎಳೆ. ಹೊಸ ಜಾಗ ಬೇಕೆಂದರೆ ಚೀಟಿ ಬದಲಾಯಿಸಿದರಾಯಿತು. ಒಂದೇ ಊರಿನಲ್ಲಿ ಇಬ್ಬರು ಕೆಂಪಣ್ಣಂದಿರಿದ್ದರೆ ಒಬ್ಬನ ಕಾಗದ ಇನ್ನೊಬ್ಬನಿಗೆ ಹೋಗುವಂತೆ, ಹೋಲುವ ವಿಳಾಸವಿದ್ದರೆ ಅಲ್ಲಿಯೂ ಕತ್ತರಿಸಿಬಿಡುತ್ತದೆ. ಆದ್ದರಿಂದ ಕತ್ತರಿಸಿದ ಮೇಲೆ ಬೇರೆಲ್ಲೂ ಕತ್ತರಿಸಿಲ್ಲವೆಂದು ಹುಡುಕುವುದೇ ಈಗ ದೊಡ್ಡ ಕೆಲಸ. ನೀವು ಸೇರಿದರೆ ಹೆಚ್ಚು ಹೊತ್ತು ಅದನ್ನೇ ಮಾಡುತ್ತೀರಿ.

ಕ್ರಿಸ್ಪರ್ ಬಂದ ಮೊದಲ ಬೆಳೆಯಲ್ಲೇ ನಮ್ಮಲ್ಲಿ ಗಾಜಿನ ಮೈಯ ಹುಳುಗಳು ತಟ್ಟೆ ತುಂಬ ಬಂದವು. ಸಾಹೇಬರು ಫೋಟೋ ತೆಗೆಸಿದರು, ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಫೋಟೋದಲ್ಲಿ ತಟ್ಟೆ ಹಿಡಿದು ನಿಂತವನು ನಾನು. ಆ ಹುಳುಗಳನ್ನು ಗುರುತಿಸಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಜೀನ್ ಡ್ರೈವ್ ಎಂಬ ಮಾತು ಬಂತು. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಏಕೆಂದರೆ ಊರಿನಲ್ಲಿ ನಿಮ್ಮನ್ನು ಕೇಳುತ್ತಾರೆ. ಮಾಮೂಲಿಗೆ ಮರಿಗೆ ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು ಪ್ರತಿ. ತಿದ್ದಿದ ಜೀನು ಒಂದು ಕಡೆಯಿಂದ ಮಾತ್ರ ಬಂದಿದ್ದರೆ, ಅದರ ಮುಂದಿನ ಮರಿಗಳಲ್ಲಿ ಸುಮಾರು ಅರ್ಧಕ್ಕೆ ಮಾತ್ರ ಹೋಗುತ್ತದೆ. ಡ್ರೈವ್‌ನಲ್ಲಿ ತಿದ್ದಿದ ಜೀನು ಕತ್ತರಿಯನ್ನೂ ವಿಳಾಸದ ಚೀಟಿಯನ್ನೂ ತನ್ನ ಜೊತೆಗೇ ಹೊತ್ತುಕೊಂಡಿರುತ್ತದೆ. ಮರಿಯೊಳಗೆ ಹೋದದ್ದೇ ಎದುರಿಗಿರುವ ಮಾಮೂಲಿ ಪ್ರತಿಯನ್ನು ಕತ್ತರಿಸುತ್ತದೆ. ಕೋಶ ಅದನ್ನು ದುರಸ್ತಿ ಮಾಡಲು ಪಕ್ಕದ ಪ್ರತಿಯನ್ನು ನೋಡಿ ನಕಲು ಮಾಡುತ್ತದೆ, ಅಂದರೆ ತಿದ್ದಿದ್ದನ್ನೇ. ಈಗ ಎರಡೂ ತಿದ್ದಿದ ಪ್ರತಿ. ಹೆಚ್ಚುಕಡಿಮೆ ಎಲ್ಲ ಮರಿಗಳಿಗೂ ಹೋಗುತ್ತದೆ, ಅವುಗಳ ಮರಿಗಳಿಗೂ ಹೋಗುತ್ತದೆ. ಹೀಗೆ ಕೆಲವೇ ಜೀವಿಗಳನ್ನು ಬಿಟ್ಟು ಇಡೀ ಸೀಮೆಯ ಸಂತತಿಯನ್ನು ಬದಲಾಯಿಸಬಹುದು, ಅಥವಾ ಹೆಣ್ಣುಗಳನ್ನು ಬಂಜೆ ಮಾಡಿ ಸಂತತಿಯನ್ನೇ ಇಳಿಸಬಹುದು. ಕೆಲವೊಮ್ಮೆ ಕತ್ತರಿಸುವ ಜಾಗದ ಅಕ್ಷರ ತಾನಾಗಿ ಬದಲಾಗಿ ವಿಳಾಸ ಸಿಗದೆ ಡ್ರೈವ್ ಅಲ್ಲೇ ನಿಲ್ಲುವುದೂ ಉಂಟು.

ರೇಷ್ಮೆ ಹುಳುವಿಗೆ ಇದು ಬೇಕಿಲ್ಲ. ಅದರ ಚಿಟ್ಟೆಗೆ ಹಾರಲು ಬರುವುದಿಲ್ಲ, ಅದರ ಮದುವೆಯನ್ನು ನಾವೇ ಮಾಡಿಸುತ್ತೇವೆ. ತನಗೆ ಇಷ್ಟ ಬಂದ ಕಡೆ ಹಾರಿ ಕೂಡುವ ಜೀವಿಗೇ ಇದು ಬೇಕಾಗುವುದು: ಸೊಳ್ಳೆ, ನೊಣ. ನಮ್ಮವರ ಕಣ್ಣು ಬಿದ್ದದ್ದು ಊಜಿ ನೊಣದ ಮೇಲೆ. ಅದು ಹುಳುವಿನ ಮೈಮೇಲೆ ಮೊಟ್ಟೆ ಇಟ್ಟು, ಮರಿ ಒಳಗೆ ತಿನ್ನುತ್ತಾ ಬೆಳೆದು ಗೂಡು ತೂತು ಮಾಡಿ ಹೊರಬರುತ್ತದೆ. ಕಾಗದದ ಮೇಲೆ ಊಜಿ ನೊಣವನ್ನು ನಿರ್ಮೂಲ ಮಾಡಿ ಮುಗಿಸಿ, ರೈತರಿಗೆ ತಿಳಿಸಲು ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಲ್ಲಿ ಸಭೆ ಮಾಡಿದರು. ಮೇಡಂ ವಿವರಿಸಿದ ಮೇಲೆ ವಯಸ್ಸಾದ ಬೆಳೆಗಾರರೊಬ್ಬರು ಎದ್ದರು.

"ಒಸಿ ತಡೀರವ್ವ. ಆ ನೊಣ ಬುಟ್ಮ್ಯಾಕೆ ನಮ್ಮೂರಲ್ಲೇ ಇರ್ತದಾ, ಮಾಗಡಿಗೂ ಹೋಯ್ತದಾ?"

"ಹೋಗುತ್ತೆ. ಮಾಗಡಿ ದಾಟಿಯೂ ಹೋಗಬಹುದು."

"ಬ್ಯಾಡ ಅನ್ಸುದ್ರೆ ವಾಪಸ್ ಕರೆಯೋಕಾಯ್ತದಾ?"

"ಕಷ್ಟ," ಎಂದರು ಮೇಡಂ.

"ಹಂಗಾರೆ ಮೊದ್ಲು ವಾಪಸ್ ಕರೆಯೋದ ಕಲೀರಿ. ಬುಡೋದ ಆಮ್ಯಾಕೆ ನೋಡ್ಕಂಡ್ರಾಯ್ತು."

ಸಭೆ ನಕ್ಕಿತು. ದೊಡ್ಡ ಸಾಹೇಬರು ನಗಲಿಲ್ಲ. ವರದಿಯಲ್ಲಿ ಯೋಜನೆಗೆ ರೈತರಿಂದ ಅಭೂತಪೂರ್ವ ಸ್ವಾಗತ ಎಂದು ಬರೆಯಿಸಿದರು. ನೊಣ ಕಾಗದ ಬಿಟ್ಟು ಹಾರಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಮೇಡಂ ಹೇಳಿದರು. "ಆ ಹಿರಿಯರು ಕೇಳಿದ್ದು ಸರಿ ಕೆಂಪಣ್ಣ. ಫಲ ಅನುಭವಿಸುವವರಿಗೆ ಹೇಳದೆ ಮಾಡೋದೇ ಇದರಲ್ಲಿ ದೊಡ್ಡ ತಪ್ಪು." ಆಮೇಲೆ ತಾವಾಗಿಯೇ ಕೇಳಿದರು. "ಭಾಗ್ಯ ಹೇಗಿದ್ದಾಳೆ? ಅವಳ ಕೈ ಸೋತಿತು ಅಂತ ನನಗೆ ಇವತ್ತಿಗೂ ನಂಬಿಕೆ ಬರಲ್ಲ."

"ಚೆನ್ನಾಗವ್ಳೆ ಮೇಡಂ," ಎಂದೆ. ಮೂರನೆಯ ಸುಳ್ಳು.

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿದರು. ರೋಗ ಗುರುತಿಸುವ ನನ್ನ ಕಣ್ಣನ್ನು ಹೊಗಳಿ ಮೂವರು ಮಾತಾಡಿದರು. ಆ ಶಾಲನ್ನು ಮನೆಗೆ ಒಯ್ಯಲಾಗದೆ ಆಫೀಸಿನ ಕುರ್ಚಿಯ ಮೇಲೇ ಬಿಟ್ಟೆ. ಅದರ ಮುಂದಿನ ಭಾನುವಾರ ಮಧ್ಯಾಹ್ನ ಬಿಡದಿಯಲ್ಲಿ ಭಾಗ್ಯಳ ಮನೆಗೆ ಹೋದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನೀರು ಕೂಡ ಕುಡಿಯದೆ ಹೇಳಿಬಿಟ್ಟೆ. ಹೊಳೆಯುವ ಹುಳು ಬಂದಿದ್ದವು, ರೋಗವೆಂದುಕೊಂಡು ನಾನೇ ಹೆಕ್ಕಿ ಬ್ಲೀಚಿಂಗ್ ನೀರಿಗೆ ಹಾಕಿದೆ, ಸಾಹೇಬರ ಮುಂದೆ ಸುಳ್ಳು ಹೇಳಿದೆ ಎಂದೆ.

ಅವಳು ಸುಲಿಯುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದು ಕಾದೆ.

"ಎಷ್ಟಿದ್ವು?" ಎಂದಳು.

"ಏನು?"

"ಹುಳ. ಎಷ್ಟಿದ್ವು?"

"ಹನ್ನೊಂದು."

"ಯಾವ ತಟ್ಟೆ?"

"ಏಳ್ನೇದು. ಕಿಟಕಿ ಕಡೇದು."

ಅವಳು ಗೋಡೆ ನೋಡುತ್ತಾ ತುಟಿಯಲ್ಲೇ ಏನೋ ಲೆಕ್ಕ ಹಾಕಿದಳು. "ಏಳ್ನೇದು ಮಂಗಳವಾರ ಚುಚ್ಚಿದ್ದರ ಸಂತಾನ. ಅವತ್ತು ಸೂಜಿ ಮೊಂಡಾಗಿತ್ತು ಅಂತ ನಡುವಲ್ಲೇ ಬದಲಾಯ್ಸಿದ್ದೆ," ಎಂದಳು. ಆಮೇಲೆ ನಿಧಾನವಾಗಿ, "ಹನ್ನೊಂದು," ಎಂದಳು. ಬಲಗೈ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅದು ಅಲುಗಾಡಲಿಲ್ಲ.

"ಭಾಗ್ಯ, ನನ್ನ..."

"ಮಾತಾಡ್ಬ್ಯಾಡ ಅಣ್ಣಯ್ಯ. ಕ್ಷಮ್ಸು ಅಂತ ಕೇಳ್ಬ್ಯಾಡ, ನನ್ ಕೈಲಿ ಆಗಾಕಿಲ್ಲ. ಇಷ್ಟ್ ವರ್ಷ ಒಂದ್ ಸೂಜಿಗೆ ದಾರ ಪೋಣ್ಸೋಕೂ ಮಗಳ್ನ ಕರೀತಿದ್ದೆ ನಾನು." ಇನ್ನೊಂದು ಅವರೆಕಾಯಿ ಸುಲಿದು ಹೇಳಿದಳು. "ಬರಿ. ಹೆಸ್ರು ಹಾಕಿ ಬರಿ. ಮೇಡಂಗೂ ಒಂದ್ ಪ್ರತಿ ಕಳ್ಸು. ಹೊಸದಾಗ್ ಬರೋ ಹುಡುಗ್ರೂ ಓದ್ಲಿ. ಎಷ್ಟು ಅನ್ನೋದ್ನ ಸರಿಯಾಗ್ ಬರಿ, ಸುಮಾರು ಗಿಮಾರು ಅಂತ ಬರೀಬ್ಯಾಡ."

ಅವಳು ಹೇಳಿದಂತೆ ಬರೆದಿದ್ದೇನೆ. ನಮ್ಮ ಸಂಸ್ಥೆಯಲ್ಲಿ ಬೇಕಾದ ಜಾಗದಲ್ಲೇ ಕತ್ತರಿಸಿ ಜೀನು ತಿದ್ದಿದ ಮೊದಲ ರೇಷ್ಮೆ ಹುಳುಗಳು ಕ್ರಿಸ್ಪರ್ ಬಂದ ಮೇಲೆ ಹುಟ್ಟಿದವೆಂದು ಅಲ್ಲಿನ ದಾಖಲೆಗಳಲ್ಲಿದೆ. ಅದು ತಪ್ಪು. ಅದಕ್ಕೂ ವರ್ಷಗಳ ಮೊದಲು, ಏಳನೆಯ ತಟ್ಟೆಯಲ್ಲಿ, ಗಾಜಿನಂಥ ಮೈಯ ಹನ್ನೊಂದು ಹುಳುಗಳಿದ್ದವು. ಹನ್ನೊಂದೂ ಜೀವಂತವಾಗಿದ್ದವು, ಸೊಪ್ಪು ತಿನ್ನುತ್ತಿದ್ದವು. ಚುಚ್ಚಿದವಳು ಭಾಗ್ಯ. ಕೊಂದವನು ಅವಳ ಅಣ್ಣ ಕೆಂಪಣ್ಣ.